ನೀರಿಗೆ ಬಿದ್ದ ಮೊಬೈಲಿಗೆ ಮೊದಲ ಉಪಚಾರ

ಬಟ್ಟೆ ನೆನೆಸಿಟ್ಟ ಬಕೆಟ್, ಸ್ನಾನದ ಮನೆಯ ತೊಟ್ಟಿ, ಅಡುಗೆಮನೆಯ ಸಿಂಕ್, ಶೌಚಾಲಯದ ಗುಂಡಿ, ಗದ್ದೆಯ ಪಕ್ಕದ ಕಾಲುವೆ: ಮೊಬೈಲ್ ಬೀಳುವ ಜಾಗಗಳು ಹೆಚ್ಚುಕಡಿಮೆ ಇವೇ. ಬಿದ್ದದ್ದನ್ನು ಎತ್ತಿದ ಕೂಡಲೇ ಎಲ್ಲರ ಕೈಯೂ ಮಾಡುವ ಕೆಲಸ ಒಂದೇ, ಇನ್ನೂ ಬದುಕಿದೆಯೇ ಎಂದು ಬಟನ್ ಒತ್ತಿ ನೋಡುವುದು. ಇಲ್ಲಿ ಹೇಳಲಿರುವುದರಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ, ಹಾಗೆ ಒತ್ತಿ ನೋಡಬಾರದು ಎಂಬುದನ್ನು ನೆನಪಿಟ್ಟುಕೊಳ್ಳಿ. ಪರದೆ ಬೆಳಗುತ್ತಿದ್ದರೆ ತಕ್ಷಣ ಸ್ವಿಚ್ ಆಫ್ ಮಾಡಬೇಕು. ತಾನಾಗಿಯೇ ಆಫ್ ಆಗಿದ್ದರೆ ಅದನ್ನು ಆನ್ ಮಾಡಬಾರದು, ಚಾರ್ಜಿಗೂ ಹಾಕಬಾರದು.

ಇದಕ್ಕೆ ಕಾರಣವಿದೆ. ರಿಪೇರಿ ಅಂಗಡಿಗಳಲ್ಲಿ ಫೋನಿನೊಳಗಿನ ಸರ್ಕ್ಯೂಟ್ ಬೋರ್ಡನ್ನು ಶುಚಿ ಮಾಡುವವರು ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಾರೆ. ಅದರಿಂದ ಬೋರ್ಡಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಬ್ಯಾಟರಿಯ ಸಂಪರ್ಕವನ್ನು ಕಳಚಿರುತ್ತಾರೆ. ಬರೀ ಒದ್ದೆಯಾದರೆ ಮೊಬೈಲ್ ಸಾಯುವುದಿಲ್ಲ. ಒದ್ದೆಯ ಜೊತೆಗೆ ಕರೆಂಟೂ ಸೇರಿದಾಗ ಸಾಯುತ್ತದೆ. ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು, ಮೊಬೈಲಿನ ಲಿಥಿಯಂ ಬ್ಯಾಟರಿಯಾದರೋ 3.7 ವೋಲ್ಟಿನ ಆಸುಪಾಸಿನಿಂದ 4.2 ವೋಲ್ಟಿಗೂ ಮೇಲಿನವರೆಗೆ ಕೊಡುತ್ತಿರುತ್ತದೆ. ಬೋರ್ಡಿನ ಮೇಲೆ ಒಂದಕ್ಕೊಂದು ಕೂದಲೆಳೆಯಷ್ಟು ಹತ್ತಿರವಿರುವ ಎರಡು ತುದಿಗಳ ನಡುವೆ ಒಂದು ಹನಿ ನಿಂತು, ಅದರಲ್ಲಿ ಈ ಕರೆಂಟು ಹರಿಯತೊಡಗಿತೆಂದರೆ, ಧನ ತುದಿಯ ಲೋಹ ಕರಗಿ ಪಕ್ಕಕ್ಕೆ ಹರಡುತ್ತ ಹೋಗುತ್ತದೆ. ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹಾಯಿಸುವುದಿಲ್ಲ. ಆದರೆ ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಲವಣಗಳು ತುಂಬಿರುತ್ತವೆ, ಸೋಪಿನ ಪುಡಿ ಕಲಸಿದ ನೀರಿನಲ್ಲಿ ಇನ್ನೂ ಹೆಚ್ಚು, ಸಮುದ್ರದ ನೀರಿನಲ್ಲಂತೂ ಹೇಳುವುದೇ ಬೇಡ.

ನನ್ನ ಅಮ್ಮನ ಫೋನು ಬಟ್ಟೆಯ ಬಕೆಟ್ಟಿಗೆ ಬಿದ್ದ ದಿನ ನನಗೆ ಇದಾವುದೂ ಗೊತ್ತಿರಲಿಲ್ಲ. ಎತ್ತಿ ಒರೆಸಿದರು, ಚೆನ್ನಾಗಿಯೇ ನಡೆಯಿತು, ಸಂಜೆ ನನಗೆ ವಿಡಿಯೊ ಕರೆಯನ್ನೂ ಮಾಡಿದರು. "ಏನೂ ಆಗಿಲ್ಲ ಕಣೋ, ನೋಡು, ನಿನ್ನ ಮುಖ ಕಾಣ್ತಾ ಇದೆ" ಎಂದರು. "ಹಾಗಾದರೆ ಸರಿ ಬಿಡಮ್ಮ, ರಾತ್ರಿ ಚಾರ್ಜಿಗೆ ಹಾಕಿಟ್ಟು ಮಲಗು" ಎಂದು ಹೇಳಿದವನು ನಾನೇ. ಬೆಳಗ್ಗೆ ಏಳುವಷ್ಟರಲ್ಲಿ ಅದು ಸತ್ತಿತ್ತು. ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯವರು ಅದನ್ನು ಬಿಚ್ಚಿ, ಭೂತಗನ್ನಡಿಯ ಕೆಳಗಿಟ್ಟು ನನ್ನನ್ನು ಕರೆದು ತೋರಿಸಿದರು. ಚಾರ್ಜಿಂಗ್ ಪಿನ್ನಿನ ಸಾಲಿನಲ್ಲಿ ಉಳಿದವೆಲ್ಲ ಹೊಂಬಣ್ಣಕ್ಕಿದ್ದವು, ಕರೆಂಟು ಒಳಗೆ ಬರುವ ಪಿನ್ನು ಮಾತ್ರ ಕಪ್ಪಗೆ ತೆಳುವಾಗಿ ಸವೆದುಹೋಗಿತ್ತು. ಅದರ ಬುಡದಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟ ತಾಮ್ರದ ಚೊಂಬಿನ ಕಂಠಕ್ಕೆ ಹಿಡಿಯುತ್ತದಲ್ಲ, ಅದೇ ಹಸಿರು ಕಿಲುಬು ಸಾಸಿವೆಕಾಳಿನಷ್ಟು ಕೂತಿತ್ತು. ಬಕೆಟ್ಟಿನ ನೀರು ಮಾಡಿದ್ದು ಸ್ವಲ್ಪ. ರಾತ್ರಿಯಿಡೀ ಚುಚ್ಚಿಟ್ಟ ಚಾರ್ಜರ್ ಮಾಡಿದ್ದು ಉಳಿದದ್ದೆಲ್ಲ. ಬಿದ್ದ ಮೇಲೂ ನಡೆಯುತ್ತಿರುವ ಫೋನನ್ನು ಕಂಡು ನಿಶ್ಚಿಂತರಾಗಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಎತ್ತಿದ ಮೊದಲ ನಿಮಿಷಗಳು

ಫೋನು ಚಾರ್ಜಿನಲ್ಲಿರುವಾಗಲೇ ನೀರಿಗೆ ಬಿದ್ದಿದ್ದರೆ ನೀರಿಗೆ ಕೈ ಹಾಕಬೇಡಿ. ಮೊದಲು ಗೋಡೆಯ ಸ್ವಿಚ್ ಆರಿಸಬೇಕು. ಸ್ವಿಚ್‌ಬೋರ್ಡೂ ಒದ್ದೆಯಾಗಿದ್ದರೆ ಅಥವಾ ಅನುಮಾನವಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಫೋನು ಹೋದರೆ ಇನ್ನೊಂದು ಕೊಳ್ಳಬಹುದು.

ಆಮೇಲೆ ಅದನ್ನು ಎತ್ತಿ ಚಾರ್ಜಿಂಗ್ ತೂತು ಕೆಳಮುಖವಾಗಿರುವಂತೆ ಹಿಡಿದುಕೊಳ್ಳಿ. ಕೊಡವಬೇಡಿ. ಕೊಡವಿದಾಗ ಒಂದೆರಡು ಹನಿ ಹೊರಗೆ ಹಾರುವುದು ನಿಜವಾದರೂ, ಒಳಗಿರುವ ನೀರು ಇದುವರೆಗೆ ಒಣಗಿದ್ದ ಮೂಲೆಗಳಿಗೂ ನುಗ್ಗುತ್ತದೆ. ಹತ್ತಿ ಬಟ್ಟೆಯಿಂದ ಪರದೆಯನ್ನು ಒರೆಸಿ, ಏಕೆಂದರೆ ಒದ್ದೆ ಪರದೆಗೆ ಬೆರಳಿನ ಗುರುತು ಸಿಗುವುದಿಲ್ಲ, ಆಫ್ ಮಾಡುವ ಗುರುತನ್ನು ಎಷ್ಟು ಮುಟ್ಟಿದರೂ ಅದು ಕೇಳುವುದಿಲ್ಲ. ಈಚಿನ ಬಹಳಷ್ಟು ಫೋನುಗಳಲ್ಲಿ ಪವರ್ ಬಟನ್ ಒಂದನ್ನೇ ಒತ್ತಿ ಹಿಡಿದರೆ ಮಾತು ಕೇಳುವ ಅಸಿಸ್ಟೆಂಟ್ ಏಳುತ್ತದೆ. ಪವರ್ ಬಟನ್ನಿನ ಜೊತೆಗೆ ವಾಲ್ಯೂಮ್ ಬಟನ್ನನ್ನೂ ಒತ್ತಿದರೆ ಆಫ್ ಮಾಡುವ ಆಯ್ಕೆ ಬರುತ್ತದೆ. ನಿಮ್ಮ ಫೋನಿನಲ್ಲಿ ಯಾವ ಎರಡು ಬಟನ್ ಎಂಬುದನ್ನು ಇವತ್ತೇ, ಫೋನು ಒಣಗಿರುವಾಗಲೇ, ಒಮ್ಮೆ ಮಾಡಿ ನೋಡಿ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ಪರದೆ ಏನೂ ಕೇಳದಿದ್ದಾಗ ಬಟನ್‌ಗಳನ್ನು ಬಹಳ ಹೊತ್ತು ಅದುಮಿ ಹಿಡಿದರೆ ಅನೇಕ ಫೋನುಗಳು ಆಫ್ ಆಗುವ ಬದಲು ಮತ್ತೆ ಹೊಸದಾಗಿ ಆನ್ ಆಗುತ್ತವೆ. ಅಂಥ ಸಂದರ್ಭದಲ್ಲಿ ಮನೆಯಲ್ಲಿ ಹೆಣಗಾಡುವುದನ್ನು ಬಿಟ್ಟು, ಹಿಂಬದಿ ಬಿಚ್ಚಿ ಬ್ಯಾಟರಿ ಕಳಚುವವರ ಬಳಿಗೆ ನೇರವಾಗಿ ಹೋಗುವುದೇ ಸರಿ.

ಕೀಪ್ಯಾಡ್ ಫೋನು ಇಟ್ಟುಕೊಂಡಿರುವವರು ಈ ವಿಷಯದಲ್ಲಿ ಪುಣ್ಯವಂತರು. ಹಿಂದಿನ ಮುಚ್ಚಳ ಸರಿಸಿ ಬ್ಯಾಟರಿಯನ್ನು ಹೊರತೆಗೆದರೆ ಮುಗಿಯಿತು, ಅರ್ಧ ಚಿಕಿತ್ಸೆ ಆದಂತೆಯೇ.

ಆಫ್ ಆದ ಮೇಲೆ ಕವರನ್ನು ತೆಗೆಯಿರಿ. ಸಿಮ್ ಟ್ರೇಯನ್ನು ಹೊರಗೆಳೆಯಿರಿ. ಅದಕ್ಕೆಂದೇ ಕೊಟ್ಟ ಪಿನ್ನು ಸಿಗದಿದ್ದರೆ ಕಾಗದ ಜೋಡಿಸುವ ಕ್ಲಿಪ್ಪನ್ನು ನೇರ ಮಾಡಿಕೊಂಡರೂ ನಡೆಯುತ್ತದೆ. ಆದರೆ ಚುಚ್ಚಬೇಕಾದದ್ದು ಟ್ರೇಯ ಮೇಲೆಯೇ ಇರುವ ತೂತಿಗೆ. ಫೋನಿನ ಅಂಚಿನಲ್ಲಿ ಬೇರೆ ಕಡೆ ಒಂಟಿಯಾಗಿ ಕಾಣುವ ಸಣ್ಣ ತೂತು ಮೈಕಿನದು; ಗಾಬರಿಯಲ್ಲಿ ಅದಕ್ಕೆ ಚುಚ್ಚಿದರೆ ನೀರಿನಿಂದ ಆಗದ ಹಾನಿಯನ್ನು ನೀವೇ ಮಾಡಿದಂತಾಗುತ್ತದೆ. ಚಾರ್ಜಿಂಗ್ ತೂತನ್ನು ಕೆಳಗೆ ಮಾಡಿ ಅಂಗೈಯ ಮೇಲೆ ಮೆಲ್ಲಗೆ ನಾಲ್ಕಾರು ಬಾರಿ ತಟ್ಟಿ, ಇಳಿದುಬಂದ ನೀರನ್ನು ಬಟ್ಟೆಗೆ ಹೀರಿಸಿ. ಆ ತೂತಿನೊಳಗೆ ಹತ್ತಿಕಡ್ಡಿ, ಟಿಶ್ಯೂ, ಬೆಂಕಿಕಡ್ಡಿ ಯಾವುದನ್ನೂ ತೂರಿಸಬೇಡಿ.

ಸಿಮ್ಮನ್ನು ಮೆತ್ತಗೆ ಒರೆಸಿ ಬೇರೆ ಫೋನಿಗೆ ಹಾಕಿಕೊಳ್ಳಿ. ಸಿಮ್‌ಗೆ ನೀರಿನಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಬ್ಯಾಂಕಿನ ಒಟಿಪಿಯೂ ಮನೆಯವರ ಕರೆಯೂ ಅಲ್ಲಿಗೆ ಬರತೊಡಗುತ್ತವೆ. ಹಾಗಾದಾಗ ಒದ್ದೆ ಫೋನನ್ನು ಬೇಗ ಆನ್ ಮಾಡಬೇಕೆಂಬ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ನನ್ನ ಅನುಭವದಲ್ಲಿ ಜನ ತಾಳ್ಮೆ ಕಳೆದುಕೊಳ್ಳುವುದು ಈ ಒತ್ತಡದಿಂದಲೇ. ಬದಲಿ ಫೋನಿನಲ್ಲಿ ವಾಟ್ಸ್ಆ್ಯಪ್ ತೆರೆಯುವವರು ಒಂದು ಎಚ್ಚರ ವಹಿಸಬೇಕು: ಹಳೆಯ ಬ್ಯಾಕಪ್ಪನ್ನು ಮರಳಿ ತರಲೇ ಎಂದು ಅದು ಕೇಳಿದಾಗ ಬೇಡವೆಂದು ದಾಟಿ ಮುಂದೆ ಹೋದರೆ, ಮುಂದಿನ ಬ್ಯಾಕಪ್ಪಿನ ವೇಳೆ ಹಳೆಯದರ ಜಾಗದಲ್ಲಿ ಖಾಲಿ ಪುಟಗಳೇ ಕೂರುತ್ತವೆ.

ಬಿದ್ದದ್ದು ಯಾವ ನೀರಿಗೆ?

ನಲ್ಲಿಯ ನೀರಿಗೋ ಮಳೆಯ ನೀರಿಗೋ ಬಿದ್ದಿದ್ದರೆ ಮೇಲಿನ ಕ್ರಮವನ್ನು ಮುಗಿಸಿ ಒಣಗಿಸುವ ಕೆಲಸಕ್ಕೆ ಹೋಗಬಹುದು. ಮಲ್ಪೆಯಲ್ಲೋ ಗೋಕರ್ಣದಲ್ಲೋ ಅಲೆಯೊಂದು ಬಂದು ಜೇಬಿನ ಫೋನನ್ನು ತೋಯಿಸಿದ್ದರೆ ಸಂಗತಿ ಬೇರೆ. ಸಮುದ್ರದ ನೀರು ಆರಿದರೂ ಉಪ್ಪು ಆರುವುದಿಲ್ಲ. ಅದು ಬೋರ್ಡಿನ ಮೇಲೆ ಹರಳುಗಟ್ಟಿ ಉಳಿದು, ಕರಾವಳಿಯ ತೇವದ ಗಾಳಿಯಿಂದ ಮತ್ತೆ ನೀರನ್ನು ಎಳೆದುಕೊಂಡು, ಮುಚ್ಚಿಟ್ಟ ಉಪ್ಪಿನ ಭರಣಿ ಮಳೆಗಾಲದಲ್ಲಿ ಒಸರುವ ಹಾಗೆ ಒಸರುತ್ತ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಆದ್ದರಿಂದ ಉಪ್ಪುನೀರಿಗೆ ಬಿದ್ದ ಫೋನನ್ನು ಒಣಗಿಸಿ ಸುಮ್ಮನಾಗುವುದು ಅಪಾಯ. ನೀರು ತಡೆಯುವ ಗುಣವುಳ್ಳ ಫೋನಾದರೆ, ಆಫ್ ಮಾಡಿದ ಮೇಲೆ, ಸಿಮ್ ಟ್ರೇಯನ್ನು ಮುಚ್ಚಿದ ಸ್ಥಿತಿಯಲ್ಲಿಯೇ, ಸಿಹಿನೀರಿನಲ್ಲಿ ಹೊರಮೈಯನ್ನು ಮೆಲ್ಲಗೆ ತೊಳೆಯಬೇಕು. ಬ್ಯಾಟರಿ ಕಳಚಬಹುದಾದ ಕೀಪ್ಯಾಡ್ ಫೋನಾದರೆ ಬ್ಯಾಟರಿ ತೆಗೆದಿಟ್ಟು, ಉಳಿದ ಭಾಗವನ್ನು ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನಲ್ಲಿ, ಅಂದರೆ ಬಟ್ಟಿ ಇಳಿಸಿದ ನೀರಿನಲ್ಲಿ, ತೊಳೆಯಬಹುದು. ಉಳಿದ ಫೋನುಗಳಿಗೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಅದೇ ದಿನ ರಿಪೇರಿಯವರ ಮುಂದಿಡಬೇಕು.

ಕಾಫಿ, ಚಹಾ, ಪಾಯಸ, ಮಜ್ಜಿಗೆಗಳಿಗೂ ಇದೇ ಮಾತು ಹೊಂದುತ್ತದೆ. ಸಕ್ಕರೆ ಆರಿದ ಮೇಲೆ ಅಂಟಾಗಿ ಸ್ಪೀಕರಿನ ಜಾಲರಿಯನ್ನೂ ಬಟನ್‌ಗಳನ್ನೂ ಹಿಡಿದುಬಿಡುತ್ತದೆ. ಶೌಚಾಲಯದಿಂದ ಎತ್ತಿದ ಫೋನನ್ನು ಕೈಗವಸು ತೊಟ್ಟು ಒರೆಸಿ, ಕೊನೆಯಲ್ಲಿ ಹೊರಮೈಯನ್ನು ಆಲ್ಕೊಹಾಲ್ ತೋಯಿಸಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದರೆ ಸಾಕು.

ಅಕ್ಕಿ ಡಬ್ಬಿ, ಬಿಸಿಲು, ಫ್ಯಾನು

ಯಾರ ಫೋನು ಒದ್ದೆಯಾದರೂ ಪಕ್ಕದಲ್ಲಿ ನಿಂತವರು ಮೊದಲು ಹೇಳುವುದು ಅಕ್ಕಿಯಲ್ಲಿ ಹೂತಿಡಿ ಎಂದು. ನನ್ನ ಅಭಿಪ್ರಾಯದಲ್ಲಿ ಇದನ್ನು ಬಿಟ್ಟುಬಿಡಬೇಕು. ಅಕ್ಕಿ ತನ್ನನ್ನು ಮುಟ್ಟಿದ ನೀರನ್ನು ಒಂದಿಷ್ಟು ಹೀರಬಹುದು, ಆದರೆ ಅಂಟು ಹಾಕಿ ಮುಚ್ಚಿದ ಫೋನಿನೊಳಗೆ, ಲೋಹದ ತಗಡಿನ ಕೆಳಗೆ ನಿಂತ ಹನಿಯನ್ನು ಹೊರಗಿನಿಂದ ಎಳೆಯುವ ಶಕ್ತಿ ಅದಕ್ಕಿಲ್ಲ. ಅಕ್ಕಿಗೆ ಹತ್ತಿರುವ ತೌಡಿನ ಧೂಳು ಮತ್ತು ನುಚ್ಚು ಚಾರ್ಜಿಂಗ್ ತೂತಿಗೆ ಇಳಿದು, ಅಲ್ಲಿನ ತೇವದಲ್ಲಿ ಗಂಜಿಯಂತಾಗಿ ಅಂಟಿಕೊಳ್ಳುತ್ತದೆ. ಆಪಲ್ ಕಂಪನಿಯೂ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳಿಂದ ಹಾನಿಯಾಗಬಹುದು ಎಂದು ಹೇಳಿದೆ, 2024ರಲ್ಲಿ ಅದು ದೊಡ್ಡ ಸುದ್ದಿಯೂ ಆಯಿತು. ಅಕ್ಕಿಯಲ್ಲಿಟ್ಟು ಬದುಕಿದ ಫೋನುಗಳಿಲ್ಲವೇ ಎಂದು ಕೇಳಿದರೆ, ಇವೆ. ಎರಡು ದಿನ ಆಫ್ ಆಗಿ, ಯಾರ ಕೈಗೂ ಸಿಗದೆ ಡಬ್ಬಿಯಲ್ಲಿ ಬಿದ್ದಿದ್ದಕ್ಕೆ ಅವು ಬದುಕಿದವು. ಮೇಜಿನ ಮೇಲೆ ಅಷ್ಟೇ ಹೊತ್ತು ಸುಮ್ಮನೆ ಇಟ್ಟಿದ್ದರೂ ಬದುಕುತ್ತಿದ್ದವು.

ಬಿಸಿ ಮಾಡುವ ಯಾವ ಉಪಾಯವೂ ಬೇಡ. ಹೇರ್ ಡ್ರೈಯರಿನ ಬಿಸಿಗಾಳಿ ಅಂಚಿನ ಅಂಟನ್ನು ಸಡಿಲಿಸುತ್ತದೆ, ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಉರಿಬಿಸಿಲು, ಸ್ನಾನದ ಹಂಡೆಯ ಒಲೆಯ ದಂಡೆ, ಓವನ್ ಇವೆಲ್ಲ ಲಿಥಿಯಂ ಬ್ಯಾಟರಿಗೆ ಅಪಾಯಕಾರಿ.

ನೆರಳಿನಲ್ಲಿ, ಓಡುತ್ತಿರುವ ಫ್ಯಾನಿನ ಎದುರಿಗೆ, ಚಾರ್ಜಿಂಗ್ ತೂತು ಕೆಳಮುಖವಾಗಿ ಓರೆಯಾಗಿ ನಿಲ್ಲಿಸಿಡುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಬಯಲುಸೀಮೆಯ ಬೇಸಗೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆಷಾಢದಲ್ಲಿ ಮಲೆನಾಡಿನ ಅಥವಾ ಕರಾವಳಿಯ ಮನೆಯಲ್ಲಿ, ಒಗೆದ ಬಟ್ಟೆ ಮೂರು ದಿನವಾದರೂ ಆರದ ಹೊತ್ತಿನಲ್ಲಿ, ಫ್ಯಾನು ಬೀಸುವುದೂ ತೇವದ ಗಾಳಿಯನ್ನೇ. ಅಲ್ಲಿ ಸಿಲಿಕಾ ಜೆಲ್ ಬೇಕು. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಪುಟ್ಟ ಪೊಟ್ಟಣಗಳು ತಿಂಗಳುಗಟ್ಟಲೆ ಹೊರಗೇ ಬಿದ್ದಿದ್ದರೆ ಅವು ಆಗಲೇ ತೇವ ಹೀರಿ ಹೊಟ್ಟೆ ತುಂಬಿಸಿಕೊಂಡಿರುತ್ತವೆ, ಅವುಗಳಿಂದ ಉಪಯೋಗವಿಲ್ಲ. ಕ್ಯಾಮೆರಾ ಲೆನ್ಸಿಗೆ ಬೂಸ್ಟು ಹಿಡಿಯದಂತೆ ಇಟ್ಟುಕೊಳ್ಳುವ, ತೇವ ಹೀರಿದಾಗ ಬಣ್ಣ ಬದಲಿಸುವ ಹರಳುಗಳನ್ನು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಫೋನಿನ ಜೊತೆ ಇಟ್ಟು ಮುಚ್ಚಳ ಬಿಗಿಯಬೇಕು. ಹರಳಿನ ಬಣ್ಣ ತಿರುಗಿದರೆ ಬದಲಾಯಿಸಬೇಕು. ಮಕ್ಕಳ ಕೈಗೆ ಅವು ಸಿಗಬಾರದು.

ಕನಿಷ್ಠ 48 ಗಂಟೆ ಹೀಗೆ ಬಿಡಿ. ನೀರು ತಡೆಯುವ ಫೋನಿನಲ್ಲಿ ಚಾರ್ಜಿಂಗ್ ತೂತು ಮಾತ್ರ ಒದ್ದೆಯಾಗಿದ್ದರೆ ಇಷ್ಟು ಬೇಕಾಗುವುದಿಲ್ಲ, ಆದರೂ ತೂತು ಪೂರ್ತಿ ಒಣಗಲು ಒಂದು ಇಡೀ ದಿನ ಹಿಡಿಯಬಹುದು. ತೇವವಿದೆ ಎಂದು ಹನಿಯ ಚಿತ್ರ ತೋರಿಸಿ ಫೋನು ಚಾರ್ಜನ್ನು ನಿರಾಕರಿಸಿದರೆ ಅದರ ಮಾತು ಕೇಳಿ.

ಅಂಗಡಿಗೆ ಯಾವಾಗ, ಹೇಗೆ

ನೀರು ತಡೆಯುವ ಗುಣವಿಲ್ಲದ ಫೋನು ಪೂರ್ತಿ ಮುಳುಗಿದ್ದರೆ, ನನ್ನ ಸಲಹೆ 48 ಗಂಟೆ ಕಾಯುವುದಲ್ಲ, ಆದಷ್ಟು ಬೇಗ, ಆಗುವುದಾದರೆ ಅದೇ ದಿನ, ಅಂಗಡಿಗೆ ಒಯ್ಯುವುದು. ಒಣಗಿಸಿದರೆ ನೀರು ಹೋಗುತ್ತದೆ, ನೀರು ಹೊತ್ತುತಂದ ಲವಣ ಹೋಗುವುದಿಲ್ಲ. ಕಿಲುಬು ಹಿಡಿಯುವುದಕ್ಕೆ ಮೊದಲು ಬೋರ್ಡ್ ತೊಳೆಸಿದರೆ ಕೆಲಸ ಸಣ್ಣದು. ಬೆಂಗಳೂರಿನ ಎಸ್.ಪಿ. ರಸ್ತೆಯೇ ಆಗಬೇಕೆಂದಿಲ್ಲ, ತಾಲ್ಲೂಕು ಕೇಂದ್ರಗಳಲ್ಲಿಯೂ ಈ ಕೆಲಸ ಬಲ್ಲವರಿದ್ದಾರೆ. ಅವರು ಹಿಂಬದಿ ಬಿಚ್ಚಿ ಮೊದಲು ಬ್ಯಾಟರಿ ಕಳಚುತ್ತಾರೆ, ಬೋರ್ಡಿನ ಮೇಲಿನ ತಗಡಿನ ಮುಚ್ಚಳಗಳನ್ನು ಎಬ್ಬಿಸಿ ಐಪಿಎ, ಅಂದರೆ ಮೊದಲು ಹೇಳಿದ ಐಸೊಪ್ರೊಪೈಲ್ ಆಲ್ಕೊಹಾಲ್, ಹಾಕಿ ಬ್ರಷ್ಷಿನಿಂದ ತಿಕ್ಕುತ್ತಾರೆ. ಅನುಕೂಲವಿದ್ದವರು ಅಲ್ಟ್ರಾಸಾನಿಕ್ ಯಂತ್ರದಲ್ಲಿ ಇಳಿಬಿಡುತ್ತಾರೆ. ಬಳಿಕ ಪವರ್ ಸಪ್ಲೈಗೆ ಜೋಡಿಸಿ ಎಲ್ಲಿ ಶಾರ್ಟ್ ಆಗಿದೆ ಎಂದು ಹುಡುಕುತ್ತಾರೆ. ಐಪಿಎ ಬದಲು ಸ್ಯಾನಿಟೈಸರ್ ಸುರಿದು ಮನೆಯಲ್ಲಿಯೇ ತೊಳೆಯೋಣವೆಂದು ಹೊರಡಬೇಡಿ, ಅದರಲ್ಲಿ ನೀರೂ ಜಿಡ್ಡಿನ ಪದಾರ್ಥಗಳೂ ಸೇರಿರುತ್ತವೆ.

ಅಂಗಡಿಯವರಿಗೆ ನಿಜ ಹೇಳಿ: ಯಾವ ನೀರಿಗೆ ಬಿತ್ತು, ಎಷ್ಟು ಹೊತ್ತು ಇತ್ತು, ಆಮೇಲೆ ಎಷ್ಟು ಸಲ ಆನ್ ಮಾಡಿದಿರಿ, ಚಾರ್ಜಿಗೆ ಹಾಕಿದಿರಾ. "ಸುಮ್ಮನೆ ಆಫ್ ಆಯಿತು ಸಾರ್" ಎಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ಅನೇಕ ಫೋನುಗಳಲ್ಲಿ, ಸಿಮ್ ಟ್ರೇಯ ಗೂಡಿನಲ್ಲಿಯೋ ಒಳಗೆಲ್ಲಿಯೋ, ನೀರು ತಾಗಿದರೆ ಬಿಳಿಯಿಂದ ಕೆಂಪಿಗೆ ತಿರುಗುವ ಪುಟ್ಟ ಸ್ಟಿಕ್ಕರ್ ಇರುತ್ತದೆ, ಅದನ್ನು ಅವರು ಮೊದಲೇ ನೋಡಿರುತ್ತಾರೆ. ನಿಮಗೆ ಮುಖ್ಯವಾಗಿ ಬೇಕಾದದ್ದು ಫೋನೋ ಅದರೊಳಗಿನ ಫೋಟೊಗಳೋ ಎಂಬುದನ್ನೂ ಸ್ಪಷ್ಟವಾಗಿ ಹೇಳಿ. ಈಗಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿ ಇರುತ್ತದೆ, ಅದನ್ನು ಬಿಡಿಸುವ ಕೀಲಿ ಅದೇ ಬೋರ್ಡಿನ ಪ್ರೊಸೆಸರಿನಲ್ಲಿ ಇರುತ್ತದೆ. ಮೆಮೊರಿ ಚಿಪ್ಪನ್ನು ಮಾತ್ರ ಕಿತ್ತು ಬೇರೆ ಕಡೆ ಹಾಕಿ ಓದಲಾಗದು. ಆದ್ದರಿಂದ ಬೋರ್ಡನ್ನೇ ಬದಲಾಯಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಫೋಟೊಗಳು ಹೋದವು ಎಂದೇ ಅದರ ಅರ್ಥ.

ನೀರು ತಡೆಯುವ ಫೋನು ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. ನೀರು, ಧೂಳು ತಡೆಯುವ ಶಕ್ತಿಯನ್ನು ಹೇಳುವ ದರ್ಜೆಗಳಲ್ಲಿ ಐಪಿ67 ಎಂದರೆ 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ. ಐಪಿ68 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕರೇ ನಿಗದಿ ಮಾಡಿದ ಮಿತಿ. ಇವೆಲ್ಲ ಹೊಸ ಫೋನನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಲೆಕ್ಕ. ಅಂಚಿನ ಅಂಟು ವರ್ಷ ಕಳೆದಂತೆ ಸೊರಗುತ್ತದೆ, ಒಮ್ಮೆ ಡಿಸ್‌ಪ್ಲೇ ಬದಲಾಯಿಸಿದ್ದರೆ ಆ ರಕ್ಷಣೆಯನ್ನು ನೆಚ್ಚುವಂತೆಯೇ ಇಲ್ಲ.

ಮತ್ತೆ ಆನ್ ಮಾಡುವಾಗ

ಕ್ಯಾಮೆರಾದ ಗಾಜಿನೊಳಗೆ ಮಂಜು ಕಟ್ಟಿದಂತೆ ಕಂಡರೆ ಒಳಗಿನ್ನೂ ನೀರಿದೆ, ಇನ್ನೊಂದು ದಿನ ಬಿಡಿ. ಹಿಂಬದಿ ಉಬ್ಬಿದ್ದರೆ, ಮುಟ್ಟಿದಾಗ ಬೆಚ್ಚಗಿದ್ದರೆ, ರಾಸಾಯನಿಕದ ವಾಸನೆ ಬಂದರೆ ಆನ್ ಮಾಡಲೇಬಾರದು. ಅಂಥ ಫೋನನ್ನು ಹಾಸಿಗೆ, ಪರದೆ, ಕಾಗದಗಳಿಂದ ದೂರ, ಬಯಲಿನಲ್ಲಿ ಕಲ್ಲಿನ ಅಥವಾ ಮರಳಿನ ಮೇಲಿಟ್ಟು, ತಣ್ಣಗಾದ ಮೇಲೆ ಬಲ್ಲವರ ಕೈಗೆ ಕೊಡಬೇಕು. ಉಬ್ಬನ್ನು ಒತ್ತಿ ಕೂರಿಸಲು ಹೋಗಬೇಡಿ.

ಅಂಥದ್ದೇನೂ ಇಲ್ಲವಾದರೆ, ಉಳಿದಿರುವ ಚಾರ್ಜಿನಲ್ಲಿಯೇ ಆನ್ ಮಾಡಿ. ಎದ್ದ ಕೂಡಲೇ ಸ್ಪೀಕರ್, ಮೈಕು, ಕ್ಯಾಮೆರಾಗಳನ್ನು ಪರೀಕ್ಷಿಸುತ್ತ ಕೂರಬೇಡಿ. ಮೊದಲು ಫೋಟೊಗಳನ್ನೂ ಫೋನ್ ನಂಬರುಗಳನ್ನೂ ಹೊರಗೆ ಕಳಿಸಿ. ಅವು ದಾಟಿದ ಮೇಲೆ ಚಾರ್ಜಿಗೆ ಹಾಕಿ, ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇದ್ದು ಕೈಯಿಟ್ಟು ಬಿಸಿ ನೋಡುತ್ತಿರಿ. ಮೊದಲ ಕೆಲವು ದಿನ ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡಿ.

ಅಮ್ಮನ ಫೋನಿಗೆ ಆ ಅಂಗಡಿಯವರು ಚಾರ್ಜಿಂಗ್ ಪಿನ್ನು ಬದಲಾಯಿಸಿ, ಬೋರ್ಡ್ ತೊಳೆದು, ಹೊರಗಿನಿಂದ ಕರೆಂಟು ಕೊಟ್ಟು ಎಬ್ಬಿಸಿದರು. ಪರದೆಯ ಅರ್ಧ ಭಾಗದಲ್ಲಿ ಹಸಿರು ಗೆರೆಗಳು ಎದ್ದಿದ್ದವು. "ಇದು ಎಷ್ಟು ಹೊತ್ತು ನಿಲ್ಲುತ್ತೋ ಹೇಳೋಕಾಗಲ್ಲ, ಮೊದಲು ಬೇಕಾದ್ದು ತಗೊಳ್ಳಿ" ಎಂದು ಕೇಬಲ್ಲನ್ನು ನನ್ನ ಕೈಗೇ ಕೊಟ್ಟರು. ಅಪ್ಪನ ಕೊನೆಯ ಎರಡು ವರ್ಷದ ಫೋಟೊಗಳು ಲ್ಯಾಪ್‌ಟಾಪಿಗೆ ದಾಟಲು ನಲವತ್ತು ನಿಮಿಷ ಹಿಡಿಯಿತು. ಅದಾದ ಒಂದು ತಾಸಿನೊಳಗೆ ಪರದೆ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ.